ಸರಪಳಿಯಷ್ಟು ನೆಲ

ನಾಯಿ ಬಂದದ್ದು ಟಿಪ್ಪರಿನ ಕ್ಯಾಬಿನ್ನಿನಲ್ಲಿ, ಡ್ರೈವರ್ ಕಾಳಪ್ಪನ ಪಕ್ಕದ ಸೀಟಿನ ಮೇಲೆ ಕುಳಿತು. ಸಂಡೂರಿನ ಗುತ್ತಿಗೆದಾರನೊಬ್ಬ ಮರಿಸ್ವಾಮಿಗೆ ಕೊಟ್ಟ ಉಡುಗೊರೆ ಅದು. ಆಲ್ಸೇಷನ್ ಮರಿ, ಕಿವಿ ಇನ್ನೂ ಸರಿಯಾಗಿ ನಿಂತಿರಲಿಲ್ಲ. ಹೆಸರನ್ನೂ ಗುತ್ತಿಗೆದಾರನೇ ಇಟ್ಟು ಕಳಿಸಿದ್ದ: ಡಾಲರ್. ಆಗ ಅದಿರೆಲ್ಲ ಚೀನಾಕ್ಕೆ ಹೋಗುತ್ತಿತ್ತು. ಹೊಸಪೇಟೆಯ ಚಹಾದಂಗಡಿಗಳಲ್ಲಿ ಮಳೆಯ ಬದಲು ಡಾಲರಿನ ರೇಟು ಮಾತಾಡುತ್ತಿದ್ದರು.

ಉಡುಗೊರೆಯ ಜೊತೆ ಒಂದು ಬುದ್ಧಿಮಾತೂ ಬಂದಿತ್ತು. "ಯಾರ ಮುಖಾನೂ ತೋರಿಸಬ್ಯಾಡ್ರಿ ಇದಕ್ಕ. ಕಟ್ಟಿ ಬೆಳೆಸಿದ ನಾಯಿ ಬೆಂಕಿ ಆಗ್ತೈತಿ. ಓಣ್ಯಾಗ ಅಡ್ಡಾಡಿಸಿದ್ರ ಊರ ಮಂದಿಗೆಲ್ಲ ಬಾಲ ಅಲ್ಲಾಡಸ್ತೈತಿ."

ಮರಿಸ್ವಾಮಿಗೆ ಬೇಕಿದ್ದದ್ದೂ ಬೆಂಕಿಯೇ. ಗಾದಿಗನೂರಿನ ಹೊಲವನ್ನು ಅದಿರು ಗುಡ್ಡೆ ಹಾಕಲು ಬಾಡಿಗೆಗೆ ಕೊಟ್ಟು, ಆ ದುಡ್ಡಿನಲ್ಲಿ ಮೊದಲು ಒಂದು, ಆಮೇಲೆ ನಾಲ್ಕು ಟಿಪ್ಪರ್ ಮಾಡಿಕೊಂಡು, ಸಂಡೂರು ರಸ್ತೆಯ ಮಗ್ಗುಲಲ್ಲಿ ಹೊಸ ಮನೆ ಕಟ್ಟಿಸಿದ್ದ. ಮನೆಯ ಹಿಂದೆ ತಗಡಿನ ಶೆಡ್ಡು. ಅದರಲ್ಲಿ ಡೀಸೆಲ್ ಡ್ರಮ್ಮು, ಟೈರು, ಜಾಕು. ಶೆಡ್ಡಿನ ಬೀಗಕ್ಕೆ ಎರಡು ಕೀಲಿಕೈ. ಒಂದು ಮರಿಸ್ವಾಮಿಯ ಉಡದಾರದಲ್ಲಿ, ಇನ್ನೊಂದು ಮಗ ಹಂಪೇಶನ ಬೈಕಿನ ಕೀಲಿಗೊಂಚಲಲ್ಲಿ. ಶೆಡ್ಡಿನ ಮುಂದೆ ಸಿಮೆಂಟಿನ ಕಂಬ ನೆಡಿಸಿ, ಅದಕ್ಕೆ ಸರಪಳಿ ಹಾಕಿ ಡಾಲರನ್ನು ಕಟ್ಟಿದರು.

ಎರಡು ವರ್ಷದಲ್ಲಿ ಡಾಲರ್ ತೊಡೆಯೆತ್ತರ ಬೆಳೆಯಿತು. ಅದು ತಿರುಗಿ ತಿರುಗಿ ಕಂಬದ ಸುತ್ತ ನೆಲದಲ್ಲಿ ಒಂದು ಉಂಗುರ ಬಿದ್ದಿತ್ತು, ಗಾಣದ ಎತ್ತು ತುಳಿದ ಹಾಗೆ. ಉಂಗುರದ ಒಳಗೆ ಹುಲ್ಲಿನ ಎಳೆ ಇರಲಿಲ್ಲ. ರಸ್ತೆಯಲ್ಲಿ ಲಾರಿ ಹೋದರೆ ಡಾಲರ್ ಬೊಗಳುತ್ತಿತ್ತು. ಸಂಡೂರು ರಸ್ತೆಯಲ್ಲಿ ಲಾರಿ ಹೋಗದ ಹೊತ್ತೇ ಇರಲಿಲ್ಲ.

ಜೂನಿನ ಒಂದು ಬೆಳಿಗ್ಗೆ ಪಕ್ಕದ ಮನೆಯ ಗೋಪೀನಾಥರಾಯರು ಗೇಟಿನ ಹೊರಗೆ ನಿಂತು ಕೂಗಿದರು. ಅವರು ನಿವೃತ್ತ ಅಧಿಕಾರಿ. ಜೋರಾಗಿ ಮಾತಾಡಿ ರೂಢಿಯಿಲ್ಲ.

"ಮರಿಸ್ವಾಮಿಯವರೇ, ಸ್ವಲ್ಪ ಬರ್ತೀರಾ?"

ಮರಿಸ್ವಾಮಿ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೋದ.

"ನನ್ನ ಹೆಂಡತಿ ಸರಸ್ವತೀಬಾಯಿಗೆ ಬಿ.ಪಿ. ನಿದ್ದೆ ಮಾಡಬೇಕು ಅಂತಾರೆ ಡಾಕ್ಟರು. ನಿಮ್ಮ ನಾಯಿ ಬಿಡೋದಿಲ್ಲ."

"ಬೊಗಳೋದು ಅದರ ಕೆಲಸ ಅಲ್ರೀ ರಾಯರ? ಲಾರಿ ಸದ್ದಿಗೆ ನಿದ್ದಿ ಬರ್ತೈತಿ, ನಾಯಿ ಸದ್ದಿಗೆ ಬರಂಗಿಲ್ಲೇನು?"

"ಲಾರಿಗೆ ಸಂಕಟ ಇಲ್ಲ. ಇದು ಅಳೋ ಹಾಗೆ ಬೊಗಳ್ತದೆ. ಒಂದು ದಿನ ಆದ್ರೂ ಹೊರಗೆ ಕರ್ಕೊಂಡು ಹೋಗಿದ್ದೀರಾ ಅದನ್ನ?"

"ಇಪ್ಪತ್ತು ವರ್ಷ ಎತ್ತಿನ ಹಿಂದ ನಡದೀನಿ. ಈಗ ನಾಯಿ ಹಿಂದ ನಡೀ ಅಂತೀರೇನು?" ಮರಿಸ್ವಾಮಿ ನೊರೆ ಉಗುಳಿ ಒಳಗೆ ಬಂದ.

ಅಡಿಗೆಮನೆಯ ಕಿಟಕಿಯಿಂದ ಸೊಸೆ ಪೂಜಿತಾ ಇದನ್ನು ಕೇಳಿಸಿಕೊಂಡಳು. ಅವಳು ಕಂಪ್ಲಿಯವಳು. ಅಪ್ಪ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಕಾಲುವೆ ದಂಡೆಯ ಮೇಲೆ ಸೈಕಲ್ ತುಳಿದು ಕಾಲೇಜಿಗೆ ಹೋದವಳು. ಹಂಪೇಶನನ್ನು ಮದುವೆಯಾಗಿ ವರ್ಷವಾಗುತ್ತ ಬಂದಿತ್ತು. ಅಷ್ಟು ದಿನದಲ್ಲಿ ಈ ಗೇಟು ದಾಟಿದ್ದು ಕಾರಿನಲ್ಲಿ ಮಾತ್ರ, ಅದೂ ಅತ್ತೆ ಚೆನ್ನಬಸಮ್ಮನ ಜೊತೆ.

ನಾಯಿಯ ಬಾಲ ಮೊದಲು ನೋಡಿದವಳೂ ಅವಳೇ.

"ಅತ್ತಿ, ಡಾಲರ್ ತನ್ನ ಬಾಲ ತಾನ ಕಡಕೊಳ್ಳಾಕತ್ತೈತಿ. ರಕ್ತ ಬಂದೈತಿ."

"ದೂರ ನಿಂತು ರೊಟ್ಟಿ ಒಗಿ. ಮೊನ್ನೆ ಸಿಲಾವರ ತಾಟ ಕಡದು ಬಗ್ಗಿಸೇತಿ ಅದು," ಅಂದಳು ಚೆನ್ನಬಸಮ್ಮ.

ಹಂಪೇಶ ಪಶು ಡಾಕ್ಟರನ್ನು ಬೈಕಿನಲ್ಲಿ ಕರೆದುಕೊಂಡು ಬಂದ. ನಾಯಿಯ ಬಾಯಿಗೆ ಟವೆಲ್ ಬಿಗಿದು ಹಿಡಿದುಕೊಂಡ. ಡಾಕ್ಟರು ಬಾಲ ನೋಡಿದರು, ಕಿವಿ ನೋಡಿದರು, ನೆಲದ ಉಂಗುರವನ್ನೂ ನೋಡಿದರು.

"ರೋಗ ಏನಿಲ್ರಿ. ಬ್ಯಾಸರ."

ಮರಿಸ್ವಾಮಿಗೆ ನಗು ಬಂತು. "ನಾಯಿಗೆ ಬ್ಯಾಸರಾ? ದಿನಾ ಹಾಲು-ರೊಟ್ಟಿ ಐತಿ. ನಮ್ಮ ಮನ್ಯಾಗ ತಿನ್ನಂಗಿಲ್ಲ, ಆದ್ರೂ ಇದಕ್ಕಂತ ಕಾಳಪ್ಪನ ಕೈಲಿ ತತ್ತಿ ತರಿಸಿ ಶೆಡ್ಡಿನ ಹಿಂದ ಹಾಕಸ್ತೀನಿ."

"ನಿಮ್ಮನ್ನ ಒಂದು ಕುರ್ಚಿಗೆ ಕಟ್ಟಿ ದಿನಾ ಹೋಳಿಗಿ ಹಾಕ್ತೀವಿ. ಇರ್ತೀರೇನು?" ಡಾಕ್ಟರು ಕೈ ತೊಳೆಯುತ್ತ ಕೇಳಿದರು. "ಇದು ಕುರಿ ಹಿಂಡು ಕಾಯೋ ಜಾತಿ. ಕಾಲಿಗೆ ಕೆಲಸ ಬೇಕು, ಮೂಗಿಗೆ ಕೆಲಸ ಬೇಕು, ತಲಿಗೆ ಕೆಲಸ ಬೇಕು. ಮುಂಜಾನಿ ಒಂದು ತಾಸು, ಸಂಜಿಗೆ ಒಂದು ತಾಸು ಹೊರಗ ನಡಸ್ರಿ. ಮೂಸಾಕ ಬಿಡ್ರಿ, ಜಗ್ಗಬ್ಯಾಡ್ರಿ. ಇಲ್ಲಾಂದ್ರ ಇವತ್ತು ಬಾಲ ಕಡದೈತಿ, ನಾಳಿ ನಿಮ್ಮನ್ನ ಕಡೀತೈತಿ."

"ಮುಲಾಮು ಕೊಡಂಗಿಲ್ಲೇನು?"

"ಕೊಡ್ತೀನಿ. ಅದು ಬಾಲಕ್ಕ."

ಅವತ್ತು ರಾತ್ರಿ ಊಟದ ಹೊತ್ತಿಗೆ ಜಗಳವಾಯಿತು. ಮರಿಸ್ವಾಮಿ, ಹಂಪೇಶ ಟೇಬಲ್ಲಿಗೆ ಕುಳಿತಿದ್ದರು. ಮರಿಸ್ವಾಮಿಯ ತಾಯಿ ಜಂಬಮ್ಮ ಎಂದಿನಂತೆ ನೆಲದ ಮೇಲೆ, ಗೋಡೆಗೆ ಒರಗಿ. ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ.

"ಡಾಕ್ಟರ್ ಹೇಳಿದ್ದು ಯಾರು ಮಾಡವರು?" ಜಂಬಮ್ಮ ಕೇಳಿದಳು.

"ನಂಗಾಗಂಗಿಲ್ಲ. ಬೆಳಕು ಹರಿಯೂದ್ರಾಗ ಲೋಡಿಂಗ್ ಪಾಯಿಂಟ್‌ನಾಗ ಇರಬೇಕು," ಅಂದ ಹಂಪೇಶ.

"ಕಾಳಪ್ಪ?"

"ಕೇಳಿದೆ. ಸ್ಟೇರಿಂಗ್ ಹಿಡಿಯೋ ಕೈಲೆ ನಾಯಿ ಹಗ್ಗ ಹಿಡಿಯಂಗಿಲ್ಲ ಅಂತಾನ. ಅವನಿಗೂ ಮರ್ಯಾದಿ ಐತಂತ."

"ನಾನು ಹೋಗ್ತೀನಿ ಮಾವಾರ," ಅಂದಳು ಪೂಜಿತಾ.

ಮರಿಸ್ವಾಮಿ ಸೊಸೆಯ ಕಡೆ ತಿರುಗಲಿಲ್ಲ. ಹೆಂಡತಿಯ ಕಡೆ ನೋಡಿ ಹೇಳಿದ: "ಕೇಳಿದ್ಯಾ? ನನ್ನ ಸೊಸಿ ನಾಯಿ ಹಿಡಕೊಂಡು ಸಂಡೂರು ರೋಡಿನ್ಯಾಗ. ಡ್ರೈವರ್ ನನ್ ಮಕ್ಕಳು ಹಾರ್ನ್ ಹೊಡದು ಹೋಗ್ತಾರ. ನಾಳಿ ನನಗ ಟ್ರಿಪ್ ಕೊಡವರು ಅದನ್ನ ಹೇಳಿ ನಗತಾರ."

"ಸುಮ್ನ ಬಡಸು," ಅಂದ ಹಂಪೇಶ ಹೆಂಡತಿಗೆ.

ಮುಂದಿನ ಭಾನುವಾರ ಅವನೇ ಒಂದು ಉಪಾಯ ಮಾಡಿದ. ಸರಪಳಿಯನ್ನು ಬೈಕಿನ ಹಿಂದಿನ ಹಿಡಿಕೆಗೆ ಕಟ್ಟಿ, ಮಧ್ಯಾಹ್ನದ ಬಿಸಿಲಲ್ಲಿ, ಡಾಂಬರು ರಸ್ತೆಯ ಮೇಲೆ ಡಾಲರನ್ನು ಓಡಿಸಿಕೊಂಡು ಹೋದ. ಹೋಗುವಾಗ ನಾಯಿ ಓಡುತ್ತಿತ್ತು. ಬರುವಾಗ ಎಳೆಸಿಕೊಂಡು ಬಂತು. ನಾಲ್ಕೂ ಪಾದದ ಚರ್ಮ ಸುಲಿದಿತ್ತು.

"ಒಂದ ಸಲಕ್ಕ ತಿಂಗಳಿಂದೆಲ್ಲ ಮುಗಿಸಿಬಿಟ್ಟೆ," ಅಂದು ಹಂಪೇಶ ನಕ್ಕ. ನಗು ಪೂರ್ತಿ ಬರಲಿಲ್ಲ.

ಜಂಬಮ್ಮ ಅರಿಸಿನ, ಕೊಬ್ಬರಿಎಣ್ಣೆ ತಂದು ಉಂಗುರದ ಒಳಗೆ ಕುಳಿತಳು. ಆ ಮನೆಯಲ್ಲಿ ಡಾಲರ್ ಮೈಮುಟ್ಟಲು ಬಿಡುತ್ತಿದ್ದದ್ದು ಅವಳೊಬ್ಬಳಿಗೆ. ಗಾದಿಗನೂರಿನಲ್ಲಿ ಹೊಲಕ್ಕೆ ಬುತ್ತಿ ಒಯ್ಯುವಾಗ ಅವಳ ಹಿಂದೆ ಯಾವಾಗಲೂ ಒಂದು ನಾಯಿ ಇರುತ್ತಿತ್ತು. ಅವುಗಳಿಗೆ ಅವಳು ಹೆಸರಿಟ್ಟಿರಲಿಲ್ಲ, ಹಗ್ಗವನ್ನೂ ಕಟ್ಟಿರಲಿಲ್ಲ.

"ಲೇ ಹಂಪ್ಯಾ, ನೀನು ಬರಿಗಾಲಾಗ ಓಡಲೇ ಅದರ ಮ್ಯಾಲ, ನೋಡೂಣು," ಅಂದಳು.

ಶ್ರಾವಣದ ಮೊದಲ ದಿನ ತಲೆಗೆ ನೀರು ಹಾಕಿಕೊಂಡು ಬಂದ ಜಂಬಮ್ಮ, ಚಹಾ ಕುಡಿಯುತ್ತಿದ್ದ ಮಗನ ಮುಂದೆ ನಿಂತಳು.

"ಮರೀ, ನಾನು ಹರಕಿ ಹೊತ್ತೀನಿ. ಶ್ರಾವಣ ಮುಗಿಯೋ ತನಕ ದಿನಾ ಮುಂಜಾನಿ ನಡಕೋತ ಜಂಬುನಾಥನ ಗುಡ್ಡದ ಪಾದಕ್ಕ ಹೋಗಿ ಕೈ ಮುಗದು ಬರ್ತೀನಿ."

ಆ ಮನೆಯಲ್ಲಿ ಏನನ್ನು ಬೇಕಾದರೂ ಮುರಿಯಬಹುದಿತ್ತು, ಹರಕೆಯನ್ನಲ್ಲ. ಮೊದಲ ಟಿಪ್ಪರ್ ತಗೊಂಡಾಗ ಮರಿಸ್ವಾಮಿಯೇ ಹರಕೆ ಹೊತ್ತು ತಲೆಗೂದಲು ಕೊಟ್ಟು ಬಂದಿದ್ದ.

"ಕಾರು ಐತಲ್ಲ ಯವ್ವಾ."

"ಕಾರಿನ್ಯಾಗ ಹೋದ್ರ ಪುಣ್ಯ ಕಾರಿಗೆ."

"ನಿನ್ನ ಮೊಣಕಾಲು?"

"ಪೂಜಿ ಬರ್ತಾಳ ಕೈ ಹಿಡಕೊಳ್ಳಾಕ."

"ಅಷ್ಟೊತ್ತಿನ್ಯಾಗ ಹೆಣ್ಣುಮಕ್ಕಳು ಇಬ್ಬರ?"

"ಹೌದಲ್ಲ, ಇಬ್ಬರ ಹೋಗಬಾರದು. ನಾಯಿ ಬರ್ತೈತಿ."

ಮರಿಸ್ವಾಮಿ ಬಟ್ಟಲು ಕೆಳಗಿಟ್ಟ. "ಹರಕಿ ದೇವರಿಗೋ ನಾಯಿಗೋ?"

"ದೇವರ್ನ ಕೇಳು. ನನ್ನೇನು ಕೇಳ್ತೀ?"

ಚೆನ್ನಬಸಮ್ಮ ಒಳಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೊದಲ ದಿನ ಡಾಲರ್ ಎಳೆದ ರಭಸಕ್ಕೆ ಪೂಜಿತಾಳ ಅಂಗೈ ಕಿತ್ತುಹೋಯಿತು. ಕಾಲುವೆ ದಂಡೆಯ ಮಣ್ಣುದಾರಿ ಸಿಕ್ಕ ಮೇಲೆ ನಾಯಿ ಒಂದೊಂದು ಕಲ್ಲಿಗೂ ನಿಂತಿತು. ಮೂಸಿದ್ದನ್ನೇ ಮೂಸಿತು. ಎಮ್ಮೆ ಸಗಣಿ, ಬೀಡಿ ತುಂಡು, ಸತ್ತ ಏಡಿ. ಗುಡ್ಡದ ಪಾದ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಜಂಬಮ್ಮ ಮೊದಲ ಮೆಟ್ಟಿಲಿಗೆ ಕರ್ಪೂರ ಹಚ್ಚಿ ಕೈಮುಗಿದಳು, ಮೇಲೆ ಹತ್ತಲಿಲ್ಲ. "ಅಲ್ಲಿಂದಾನ ನೋಡ್ತಾನ ಅವನು," ಅಂದಳು.

ಎರಡನೇ ವಾರಕ್ಕೆ ಡಾಲರ್ ಎಳೆಯುವುದು ಬಿಟ್ಟಿತು. ಮುದುಕಿ ಕುಳಿತರೆ ತಾನೂ ಕೂರುತ್ತಿತ್ತು. ಡಾಕ್ಟರು ಮೂಗಿಗೆ ಕೆಲಸ ಬೇಕು ಅಂದದ್ದು ಪೂಜಿತಾಳಿಗೆ ನೆನಪಿತ್ತು. ಸಂಜೆ ಹೊರಗೆ ಹೋಗುವ ಹಾಗಿರಲಿಲ್ಲ, ಅದಕ್ಕೆ ಶೆಡ್ಡಿನ ಮುಂದಿನ ಹಳೆಯ ಟೈರುಗಳ ಒಳಗೆ ರೊಟ್ಟಿಚೂರು ಬಚ್ಚಿಟ್ಟು, ಕಾಂಪೌಂಡಿನ ಗೇಟು ಹಾಕಿ, ಸರಪಳಿ ಬಿಚ್ಚಿ "ಹುಡುಕು" ಅನ್ನುತ್ತಿದ್ದಳು. ನಾಯಿ ಒಂದು ಚೂರನ್ನೂ ಬಿಡುತ್ತಿರಲಿಲ್ಲ. ಒಂದು ಸಂಜೆ ಚೆನ್ನಬಸಮ್ಮ ತಾನೇ ಬಂದು ಜಾಕಿನ ಅಡಿಗೆ ಒಂದು ಚೂರು ಸೇರಿಸಿ, "ಇದು ಸಿಗಂಗಿಲ್ಲ ಬಿಡು ನಿನಗ" ಅಂದಳು. ಸಿಕ್ಕಿತು. ಅವಳು ಮಕ್ಕಳ ಹಾಗೆ ನಕ್ಕಳು.

ಬಾಲದ ಗಾಯ ಒಣಗಿತು. ಲಾರಿಗೆ ಬೊಗಳುವುದು ನಿಂತಿತು. ಸರಸ್ವತೀಬಾಯಿ ಗೋಡೆಯ ಮೇಲಿಂದ ಒಂದು ಡಬ್ಬಿ ಕೋಸಂಬರಿ ದಾಟಿಸಿದಳು.

ಸಮಾಧಾನ ಇಲ್ಲದವನು ಮರಿಸ್ವಾಮಿ ಒಬ್ಬನೇ. ಟೈರ್ ಅಂಗಡಿಯವನೊಬ್ಬ ಬಾಕಿ ಮಾತಾಡಲು ಬಂದಾಗ ಡಾಲರ್ ಅವನ ಬೂಟು ಮೂಸಿ ಮಲಗಿಬಿಟ್ಟಿತು.

"ಏನ್ ಮರಿಸ್ವಾಮಣ್ಣ, ಹುಲಿ ಅಂತಿದ್ರಿ? ಆಕಳು ಆಗೈತಲ್ಲ!"

ಆ ಮಾತು ಮರಿಸ್ವಾಮಿಗೆ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಉಳಿಯಿತು.

ಶ್ರಾವಣ ಮುಗಿಯಲು ಇನ್ನೂ ಕೆಲವು ದಿನ ಇರುವಾಗ, ಬೆಳಿಗ್ಗೆ ಮರಿಸ್ವಾಮಿ ಡೀಸೆಲ್ ಡ್ರಮ್ಮಿಗೆ ಕೋಲು ಇಳಿಬಿಟ್ಟು ನೋಡಿ ಕೂಗಿಕೊಂಡ. ಹಿಂದಿನ ಸಂಜೆ ತುಂಬಿಸಿದ್ದ ಡ್ರಮ್ಮು ಅರ್ಧಕ್ಕೆ ಇಳಿದಿತ್ತು. ಬೀಗ ಒಡೆದಿರಲಿಲ್ಲ, ಹಾಕಿದ ಹಾಗೇ ಇತ್ತು. ಕಾಳಪ್ಪ, ಇನ್ನು ಮೂವರು ಡ್ರೈವರುಗಳು, ಹಂಪೇಶ ಎಲ್ಲ ಓಡಿ ಬಂದರು. ಡಾಲರ್ ಎದ್ದು ಎಲ್ಲರಿಗೂ ಬಾಲ ಅಲ್ಲಾಡಿಸಿತು.

"ಮಾರು ದೂರದಾಗ ಮಲಗೈತಿ, ಒಂದು ಸಲಾನೂ ಬೊಗಳಿಲ್ಲ!" ಮರಿಸ್ವಾಮಿ ಡ್ರೈವರುಗಳ ಮುಂದೆಯೇ ಅಬ್ಬರಿಸಿದ. "ಹೆಂಗಸರು ಅಡ್ಡಾಡಿಸಿ ಕೆಡಿಸಿದ್ರು. ಬಂದ ಕಳ್ಳನ ಕೈ ನೆಕ್ಕೇತಿ ಇದು."

"ಹೌದ್ರಿ ಧಣೇರ," ಅಂದ ಕಾಳಪ್ಪ. ಹಂಪೇಶ ನೆಲ ನೋಡುತ್ತಿದ್ದ.

ಅವತ್ತೇ ಡಾಲರನ್ನು ಶೆಡ್ಡಿನ ಒಳಗೆ, ಕಿಟಕಿಯಿಲ್ಲದ ಮೂಲೆಯಲ್ಲಿ, ಗಿಡ್ಡ ಸರಪಳಿಗೆ ಕಟ್ಟಿದರು. ಗೇಟಿಗೆ ಹೊಸ ಬೀಗ ಬಂತು. ಅದರ ಕೀಲಿಯೂ ಮರಿಸ್ವಾಮಿಯ ಉಡದಾರ ಸೇರಿತು.

"ಹರಕಿ ಇನ್ನೂ ಮುಗದಿಲ್ಲ," ಅಂದಳು ಜಂಬಮ್ಮ.

"ಕಾರಿನ್ಯಾಗ ಹೋಗು. ದೇವರು ಕೇಳಿದ್ರ ನನ್ನ ಹೆಸರು ಹೇಳು."

ಮಧ್ಯಾಹ್ನ ಬಟ್ಟೆ ಒಗೆಯುವಾಗ ಪೂಜಿತಾ ಹಂಪೇಶನ ಪ್ಯಾಂಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಮೊಣಕಾಲಿನ ತನಕ ಡೀಸೆಲ್ಲಿನಲ್ಲಿ ತೊಯ್ದಿತ್ತು. ಸಂಜೆ ಕೋಣೆಯಲ್ಲಿ ಕೇಳಿದಳು.

"ನಿನ್ನೆ ರಾತ್ರಿ ಎಲ್ಲಿಗೆ ಹೋಗಿದ್ರಿ?"

"ಮೂತ್ರಕ್ಕ. ಯಾಕ?"

"ಡಾಲರ್ ಕುಂಯ್ ಅಂದದ್ದು ಕೇಳಿಸ್ತು ನನಗ. ಮನಿಯವರನ್ನ ಕಂಡಾಗ ಹಂಗ ಅಂತೈತಿ ಅದು. ಹೊರಗಿನವರಿಗೆ ಅನ್ನಂಗಿಲ್ಲ."

ಹಂಪೇಶ ಬಾಗಿಲು ಹಾಕಿದ. "ಮೆಲ್ಲಕ ಮಾತಾಡು. ನಾಲ್ಕು ಗಾಡಿ ನೋಡಿಕೊಳ್ಳಾಂವ ನಾನು. ಡ್ರೈವರ್‌ಗೆ ಪಗಾರ ಐತಿ, ಕ್ಲೀನರ್‌ಗೆ ಬತ್ತೆ ಐತಿ. ನಾನು ಬೈಕಿಗೆ ಪೆಟ್ರೋಲ್ ಹಾಕಿಸಬೇಕಂದ್ರ ಅಪ್ಪನ ಮುಂದ ಕೈ ಚಾಚಿ ನಿಂದರಬೇಕು. ಗೆಳ್ಯಾರ ಮುಂದ ಚಾ ಕುಡಿಸಾಕ ಗತಿ ಇಲ್ಲ."

"ಅದನ್ನ ಮಾವಾರಿಗೆ ಹೇಳ್ರಿ."

"ಹೇಳಿದ್ರ ಕೊಡ್ತಾನ? ನಮ್ಮಪ್ಪ ನಿನಗಿನ್ನೂ ಗೊತ್ತಿಲ್ಲ."

"ನಾಯಿ ಕತ್ತಲಾಗ ಐತ್ರಿ."

"ನಾಯಿ ಐತಿ. ನಾನಲ್ಲಲ್ಲ. ನೀನು ಹೋಗಿ ಹೇಳ್ತೀಯೇನು, ನನ್ನ ಗಂಡ ಕಳ್ಳ ಅಂತ? ಹೇಳು ಹೋಗು."

ಅವಳು ಹೇಳಲಿಲ್ಲ. ಭಾದ್ರಪದ ಬಂತು. ಗಣಪತಿ ಬಂದು ಹೋಯಿತು. ಶೆಡ್ಡಿನ ಒಳಗೆ ಡಾಲರ್ ಬೊಗಳಿದರೆ ತಗಡು ಗುಂಯ್ಗುಡುತ್ತಿತ್ತು. ಮರಿಸ್ವಾಮಿ ಬಂದವರಿಗೆಲ್ಲ ಆ ಸದ್ದು ಕೇಳಿಸಿ, "ಈಗ ನೋಡ್ರಿ ಬೆಂಕಿ" ಅನ್ನುತ್ತಿದ್ದ. ರಾಯರು ಹೆಂಡತಿಯನ್ನು ಬಳ್ಳಾರಿಯ ಮಗಳ ಮನೆಯಲ್ಲಿ ಬಿಟ್ಟು ಬಂದರು. ಈ ಸಲ ದೂರು ಹೇಳಲು ಗೇಟಿಗೆ ಬರಲಿಲ್ಲ. ಎದುರು ಸಿಕ್ಕರೆ ಮುಖ ತಿರುಗಿಸಿದರು. ಶೆಡ್ಡಿನ ಬಾಗಿಲು ತೆರೆದು ನಿಂತು, ಕೋಲಿನಿಂದ ತಾಟು ತಳ್ಳಿ ಊಟ ಕೊಡುವ ಕೆಲಸ ಕಾಳಪ್ಪನಿಗೆ ಬಂತು. ಪೂಜಿತಾ ಶೆಡ್ಡಿನ ಕಡೆ ಹೋಗಬಾರದೆಂದು ಅಪ್ಪಣೆಯಾಗಿತ್ತು.

ಒಂದು ಮಧ್ಯಾಹ್ನ ಕಾಳಪ್ಪ ಬಾಗಿಲು ತೆರೆದಿಟ್ಟು ನೀರು ತರಲು ಹೋಗಿದ್ದ. ಜಂಬಮ್ಮ ಸೆರಗಿನಲ್ಲಿ ಬಿಸಿ ರೊಟ್ಟಿ ಮುಚ್ಚಿಕೊಂಡು ಒಳಗೆ ಹೋದಳು. ಹೊರಗಿನ ಬಿಸಿಲಿನಿಂದ ಬಂದವಳಿಗೆ ಒಳಗೆ ಏನೂ ಕಾಣಲಿಲ್ಲ. ಬಾಗಿಲ ಬೆಳಕಿಗೆ ಬೆನ್ನು ಕೊಟ್ಟು ನಿಂತ ಅವಳ ಮುಖ ನಾಯಿಗೂ ಕಾಣಲಿಲ್ಲ. ಡಾಲರ್ ಹಾರಿತು. ಬಲಗೈಯ ಮೊಣಕೈ ಕೆಳಗೆ ಹಲ್ಲು ಎಲುಬಿನ ತನಕ ಇಳಿಯಿತು.

ಕಿರುಚಾಟಕ್ಕೆ ಎಲ್ಲರೂ ಓಡಿ ಬಂದಾಗ ಜಂಬಮ್ಮ ನೆಲದ ಮೇಲೆ ಕುಳಿತಿದ್ದಳು. ಡಾಲರ್ ಅವಳ ಸೆರಗು ಮೂಸಿತು, ಕೈ ಮೂಸಿತು. ಆಮೇಲೆ ಸರಪಳಿ ಬಿಗಿಯುವ ತನಕ ಹಿಂದೆ ಸರಿದು, ಗೋಡೆಗೆ ಮುಖ ಮಾಡಿ ಕುಳಿತಿತು. ರೊಟ್ಟಿ ಅಲ್ಲೇ ಬಿದ್ದಿತ್ತು. ಅದು ತಿನ್ನಲಿಲ್ಲ.

"ಗುರುತು ಸಿಕ್ಕಿಲ್ಲ ಅದಕ್ಕ. ಹೊಡಿಬ್ಯಾಡ್ರಿ," ಅಂದಳು ಜಂಬಮ್ಮ. ಹಂಪೇಶನ ಕೈಯಲ್ಲಿ ಜಾಕಿನ ರಾಡು ಇತ್ತು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಲಿಲ್ಲ. ಗಾಯ ತೊಳೆದು, ಪಟ್ಟಿ ಕಟ್ಟಿ, ಸೂಜಿ ಶುರು ಮಾಡಿದರು. ಪಶು ಡಾಕ್ಟರ್ ಬಂದು ಶೆಡ್ಡು ನೋಡಿದರು.

"ಹತ್ತು ದಿನ ಇದನ್ನ ಜ್ವಾಪಾನ ಇಟ್ಟು ನೋಡಬೇಕು. ಹುಚ್ಚು ಇಲ್ಲ ಅಂತ ಖಾತ್ರಿ ಆಗಬೇಕು. ಅಲ್ಲಿ ತನಕ ಸಾಯಬಾರದು, ಕಾಣೆ ಆಗಬಾರದು."

"ಆಮೇಲೆ?"

"ಆಮೇಲಿಂದು ನಿಮಗ ಜೂನ್‌ನಾಗ ಹೇಳಿದ್ದೆ."

ಹತ್ತು ದಿನವೂ ಡಾಲರ್ ಬದುಕಿತ್ತು. ಹುಚ್ಚು ಹಿಡಿಯಲಿಲ್ಲ. ಕೊನೆಯ ದಿನದ ಸಂಜೆ ಊಟಕ್ಕೆ ಕುಳಿತಾಗ ಮರಿಸ್ವಾಮಿ ಮಗನಿಗೆ ಹೇಳಿದ.

"ನಾಳಿ ಖಾಲಿ ಗಾಡ್ಯಾಗ ಹಾಕ್ಕೊಂಡು ಹೋಗು. ಚೋರನೂರು ದಾಟಿದ ಮ್ಯಾಲ ಅಡವಿ ಬರ್ತೈತಿ, ಅಲ್ಲಿ ಬಿಟ್ಟು ಬಾ."

"ಅಡವ್ಯಾಗ ಬಿಟ್ರ ಏನು ತಿಂತೈತ್ರಿ ಅದು?" ಚೆನ್ನಬಸಮ್ಮ ಕೇಳಿದಳು.

"ಅದನ್ನ ಚಿರತಿ ತಿಂತೈತಿ. ಹೆತ್ತ ತಾಯಿ ಕೈ ಕಡದ ನಾಯೀನ ಮನ್ಯಾಗ ಇಟ್ಕೊಂಡು ಸಾಕ್ಲಾ?"

ಪೂಜಿತಾ ರೊಟ್ಟಿ ಬುಟ್ಟಿಯನ್ನು ಟೇಬಲ್ಲಿನ ಮೇಲೆ ಇಟ್ಟಳು. ಅಡಿಗೆಮನೆಗೆ ಹಿಂದಿರುಗದೆ ಅಲ್ಲೇ ನಿಂತಳು.

"ಮಾವಾರ, ಡಾಲರ್ ಅವತ್ತು ಬೊಗಳಲಿಲ್ಲ. ಬಂದವರು ಮನಿಯವರು, ಅದಕ್ಕ."

"ಏಯ್, ಊಟದ ಹೊತ್ತಿನ್ಯಾಗ ಏನದು!" ಅಂದಳು ಚೆನ್ನಬಸಮ್ಮ.

"ಡೀಸೆಲ್ ತಗದವರು ಇವರು." ಆಗಲೂ ಅವಳು ಗಂಡನ ಹೆಸರು ಹೇಳಲಿಲ್ಲ, ಆ ಕಡೆ ಕತ್ತು ತಿರುಗಿಸಿದಳು.

ಹಂಪೇಶ ಕುರ್ಚಿ ಹಿಂದೆ ತಳ್ಳಿದ. ಮರಿಸ್ವಾಮಿ ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ಬಾಯಿಗಿಟ್ಟು, ಅಗಿದು ನುಂಗಿದ.

"ನಂಗ ಗೊತ್ತು," ಅಂದ.

ಮತ್ತೊಂದು ತುಂಡು ರೊಟ್ಟಿ ಮುರಿದ.

"ಬೀಗ ಒಡದಿದ್ದಿಲ್ಲ. ಕೀಲಿ ಎರಡು. ಒಂದು ನನ್ನ ಸೊಂಟದಾಗಿತ್ತು. ಸಾಲಿ ಕಲ್ತಿಲ್ಲ ನಾನು, ಆದ್ರ ಇಷ್ಟು ತಿಳಿತೈತಿ."

"ಗೊತ್ತಿದ್ದೂ ಅದನ್ನ ಕತ್ತಲಾಗ ಕಟ್ಟಿದ್ರಿ?"

"ಮತ್ತ ಮಗನ್ನ ಕಟ್ಟಬೇಕಿತ್ತೇನು? ನಾಲ್ಕು ಮಂದಿ ಡ್ರೈವರ್ ಬಾಯಿ ತಕ್ಕೊಂಡು ನಿಂತಿದ್ರು ಅಲ್ಲಿ. ಧಣಿ ಮಗ ಕದೀತಾನ ಅಂತ ತಿಳದ್ರ ನಾಳಿಂದ ಅವರೂ ಬಕೀಟು ತರ್ತಾರ. ಯಾರ ಮ್ಯಾಲಾರ ಹಾಕಬೇಕು. ನಾಯಿ ಎದುರು ಮಾತಾಡಂಗಿಲ್ಲ."

"ಅಪ್ಪಾ..." ಅಂದ ಹಂಪೇಶ.

"ಉಣ್ಣು."

ನೆಲದ ಮೇಲಿಂದ ಜಂಬಮ್ಮ ಪಟ್ಟಿ ಕಟ್ಟಿದ ಕೈ ಎತ್ತಿದಳು. ಎಡಗೈಯಲ್ಲಿ ಉಣ್ಣುತ್ತಿದ್ದವಳು ತಾಟನ್ನು ಪಕ್ಕಕ್ಕೆ ಸರಿಸಿದ್ದಳು.

"ಹಂಗಾರ ಇದು ಯಾರು ಕಡದದ್ದು ಮರೀ? ನಾಯಿನೋ, ನೀನೋ?"

ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಶೆಡ್ಡಿನಲ್ಲಿ ಡಾಲರ್ ಬೊಗಳುತ್ತಿತ್ತು. ಮರಿಸ್ವಾಮಿ ತಾಯಿಯ ಕಡೆ ನೋಡಲಿಲ್ಲ. ಕೊನೆಗೆ ಸೊಸೆಯ ಕಡೆ ತಿರುಗಿದ. ಅವಳು ಮನೆಗೆ ಬಂದ ಮೇಲೆ ಅವಳ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ಈ ಮಾತು ಈ ಗ್ವಾಡಿ ಒಳಗ ಇರಬೇಕು. ರಾಯರ ಮನಿಗೆ ಹೋಗಬಾರದು. ಕಂಪ್ಲಿಗೆ ಹೋಗಬಾರದು."

"ಇರ್ತೈತ್ರಿ. ಗೇಟಿನ ಕೀಲಿ ಕೊಡ್ರಿ."

"ಏನು?"

"ಡಾಲರ್ ಚೋರನೂರಿಗೆ ಹೋಗಂಗಿಲ್ಲ. ಶೆಡ್ಡಿನ ಒಳಗೂ ಇರಂಗಿಲ್ಲ. ದಿನಾ ಮುಂಜಾನಿ ನಾನು ಕಾಲುವಿಗೆ ಕರ್ಕೊಂಡು ಹೋಗ್ತೀನಿ. ಶ್ರಾವಣ ಇರಲಿ ಬಿಡಲಿ."

"ಮಾವನ ಕೂಡ ವ್ಯಾಪಾರ ಮಾಡ್ತೀಯೇನ?" ಚೆನ್ನಬಸಮ್ಮ ಎದ್ದು ನಿಂತಳು.

"ವ್ಯಾಪಾರದ ಮನಿ ಅಲ್ಲೇನ್ರಿ ಅತ್ತಿ ಇದು."

ಮರಿಸ್ವಾಮಿ ಎಂಜಲು ಕೈಯನ್ನು ತಾಟಿನಲ್ಲಿ ತೊಳೆದ. ಎಡಗೈಯಿಂದ ಉಡದಾರದ ಗಂಟು ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಕೀಲಿಯನ್ನು ಸೊಸೆಯ ಕೈಗೆ ಕೊಡಲಿಲ್ಲ, ತಾಟಿನ ಪಕ್ಕದಲ್ಲಿ ಇಟ್ಟು ಎದ್ದುಹೋದ. ಹಂಪೇಶ ಅವತ್ತಿನಿಂದ ಪಡಸಾಲೆಯಲ್ಲಿ ಮಲಗಿದ. ಹೆಂಡತಿಯ ಜೊತೆ ಮಾತು ಬಿಟ್ಟ. ಅವನ ಕೀಲಿಗೊಂಚಲಿನಿಂದ ಶೆಡ್ಡಿನ ಕೀಲಿ ಮರುದಿನವೇ ಮಾಯವಾಯಿತು. ಅದರ ಬದಲಿಗೆ ಪಗಾರವೇನೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಜಂಬಮ್ಮ ಅಟ್ಟದಿಂದ ಒಂದು ಹಗ್ಗದ ಬಲೆ ಇಳಿಸಿಕೊಟ್ಟಳು. ರಾಶಿ ಮಾಡುವಾಗ ತೆನೆಗೆ ಬಾಯಿ ಹಾಕದಂತೆ ಎತ್ತಿನ ಮುಸುಡಿಗೆ ಕಟ್ಟುತ್ತಿದ್ದ ಬಲೆ. ಪೂಜಿತಾ ಅದನ್ನು ಅರ್ಧಕ್ಕೆ ಮಡಚಿ ಡಾಲರಿನ ಬಾಯಿಗೆ ಕಟ್ಟಿದಳು. ನಾಯಿ ತಡೆಯಲಿಲ್ಲ. ಶೆಡ್ಡಿನ ಹೊರಗೆ ಬಂದಾಗ ಕಣ್ಣು ಕಿರಿದು ಮಾಡಿಕೊಂಡು ನಿಂತಿತು. ರಸ್ತೆ ದಾಟುವಾಗ ಒಬ್ಬ ಡ್ರೈವರ್ ನಿಜವಾಗಿಯೂ ಹಾರ್ನ್ ಹೊಡೆದ. ಏನೋ ಅಂದ. ಜಂಬಮ್ಮ ಅವನ ತಾಯಿಯನ್ನೂ ಅಜ್ಜಿಯನ್ನೂ ಸೇರಿಸಿ ಬೈದಳು.

ಕಾಲುವೆ ದಂಡೆಗೆ ಬಂದ ಮೇಲೆ ಪೂಜಿತಾ ಸರಪಳಿ ಸಡಿಲ ಬಿಟ್ಟಳು.

"ಹೋಗು, ಮೂಸು."

ಡಾಲರ್ ಮುಂದೆ ಹೋಗಲಿಲ್ಲ. ತಲೆ ತಗ್ಗಿಸಿ ಅವಳ ಸುತ್ತ ತಿರುಗತೊಡಗಿತು. ಶೆಡ್ಡಿನೊಳಗಿನ ಸರಪಳಿ ಎಷ್ಟು ಉದ್ದವಿತ್ತೋ ಅಷ್ಟೇ ಅಗಲಕ್ಕೆ, ಒಂದೇ ಸಮನೆ. ಉಳಿದ ಸರಪಳಿ ಸುಮ್ಮನೆ ನೆಲದ ಮೇಲೆ ಎಳೆದಾಡುತ್ತಿತ್ತು. ಪಕ್ಕದಲ್ಲೇ ಬೆಚ್ಚಗಿನ ಸಗಣಿ ಇತ್ತು, ಮೂಸಲಿಲ್ಲ.

"ಕಂಬ ಇಲ್ಲಲೇ ಇಲ್ಲಿ," ಅಂದಳು ಜಂಬಮ್ಮ. ಇನ್ನೊಂದು ಸಲ ಅಂದಳು. ಆಮೇಲೆ ಅನ್ನಲಿಲ್ಲ.

ಪೂಜಿತಾ ಸರಪಳಿಯನ್ನು ಕೈಯಿಂದ ಕೈಗೆ ಬದಲಿಸುತ್ತ ಕಾದಳು. ನಾಯಿ ನಿಲ್ಲಲಿಲ್ಲ. ಅವಳು ಒಂದು ಹೆಜ್ಜೆ ಮುಂದೆ ಇಟ್ಟಳು. ಡಾಲರಿನ ಸುತ್ತೂ ಒಂದು ಹೆಜ್ಜೆ ಮುಂದೆ ಸರಿಯಿತು. ಅವಳು ಇನ್ನೊಂದು ಇಟ್ಟಳು. ಜಂಬಮ್ಮ ಎಡಗೈಯಲ್ಲಿ ಪೂಜಿತಾಳ ಭುಜ ಹಿಡಿದಳು. ನಾಯಿ ಸುತ್ತುತ್ತಲೇ ಇತ್ತು. ಹಾಗೇ, ಸರಪಳಿಯಷ್ಟು ನೆಲವನ್ನು ಜೊತೆಗೆ ಎಳೆದುಕೊಂಡು, ಮೂವರೂ ಗುಡ್ಡದ ಕಡೆ ಹೊರಟರು.